ಎಲ್ಲ ನಾರ್ಮಲ್ ಎಂದ ರಿಪೋರ್ಟು

ಅತ್ತಿಗೆಯ ಮೇಲೆ ನನಗಿರುವ ಸಿಟ್ಟು ಹಳೆಯದು. ಅದನ್ನು ಜೋಪಾನವಾಗಿಯೇ ಇಟ್ಟುಕೊಂಡಿದ್ದೇನೆ. ವಯಸ್ಸಾಯಿತು, ಇನ್ನಾದರೂ ಮರೆತುಬಿಡು ಎನ್ನುವವರು ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗಲಿ, ಬುದ್ಧಿ ಹೇಳುವುದು ಬೇಡ. ಅವಳು ನನ್ನ ಅಮ್ಮನನ್ನು ನಾಟಕದವಳು ಎಂದಳು, ಅದೂ ಬಂಧುಬಳಗಕ್ಕೆಲ್ಲ ಕೇಳುವ ಹಾಗೆ.

ಅಪ್ಪ ಹೋದ ಮೇಲೆ ಅಮ್ಮ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ನಮ್ಮ ಮನೆಯಲ್ಲೇ ಇದ್ದಳು. ಉಡುಪಿ ಕಡೆಯ ನಮ್ಮ ಜನರಲ್ಲಿ ಎಲ್ಲೇ ಹೆರಿಗೆಯಾಗಲಿ, ಮಗುವನ್ನು ಮೀಯಿಸಲು ಕರೆಯುತ್ತಿದ್ದದ್ದು ಅಮ್ಮನನ್ನು. ಗಿಡ್ಡ ಮಣೆಯ ಮೇಲೆ ಕೂತು, ಕಾಲು ಚಾಚಿ, ಎಣ್ಣೆ ಹಚ್ಚಿದ ಮಗುವನ್ನು ಕಾಲಿನ ಮೇಲೆ ಮಲಗಿಸಿ, ಬಿಸಿನೀರಿಗೆ ಮೊದಲು ತನ್ನ ಮೊಣಕೈ ಅದ್ದಿ ನೋಡುತ್ತಿದ್ದಳು. ಮೂವತ್ತು ವರ್ಷ ಆ ಕೆಲಸ ಮಾಡಿದಳು. ಆಮೇಲೆ ಮಂಡಿ ನೋವು ಎಂದು ಹೋಗುವುದನ್ನು ಬಿಟ್ಟಿದ್ದಳು. ಆದರೆ ಖಾರಘರದಲ್ಲಿ ಅಣ್ಣನ ಮಗಳು ಹೆತ್ತಾಗ, ಮರಿಮಗುವಲ್ಲವೇ ಎಂದು ನಲವತ್ತು ದಿನದ ಬಾಣಂತನಕ್ಕೆ ಹೊರಟಳು. ಆಗ ಅವಳಿಗೆ ಎಪ್ಪತ್ತೆರಡು.

ಒಂಬತ್ತನೇ ದಿನ ಬಚ್ಚಲಲ್ಲಿ ಕೂತವಳು ನೀರಿನ ಚೊಂಬನ್ನು ಕೆಳಗಿಟ್ಟಳಂತೆ. "ನನ್ನಿಂದ ಆಗುದಿಲ್ಲ. ಮಗುವಿನ ತಲೆ ಎರಡು ಕಾಣ್ತದೆ, ಒಂದರ ಮೇಲೊಂದು. ಯಾವುದಕ್ಕೆ ನೀರು ಹೊಯ್ಯುದು?"

ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, "ಊರವರ ಮಕ್ಕಳಿಗೆಲ್ಲ ಆಯ್ತು, ಮಗಳ ಮಕ್ಕಳಿಗೂ ಆಯ್ತು. ನನ್ನ ಮೊಮ್ಮಗ ಬಂದ ಕೂಡ್ಲೇ ಕಣ್ಣು ಹೋಯ್ತಾ?" ಎಂದಳು. "ಮಮ್ಮೀ, ರೆಹ್ನೇ ದೋ ನಾ," ಬಿಟ್ಟುಬಿಡು ಎಂದು ಬಾಣಂತಿ ಒಳಗಿನಿಂದ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಣ್ಣ ಕೆಟ್ಟವನಲ್ಲ, ಹೆಂಡತಿ ಹಾಕಿದ ಗೆರೆ ದಾಟುವವನೂ ಅಲ್ಲ. ಲಕ್ವ ಹೊಡೆಯಿತೋ ಏನೋ ಎಂಬ ಹೆದರಿಕೆಯಲ್ಲಿ ಅಮ್ಮನ ಮೆದುಳಿನ ಎಂಆರ್‌ಐ ಮಾಡಿಸಿದ. ಗೆಡ್ಡೆಯಿಲ್ಲ, ರಕ್ತ ಹೆಪ್ಪುಗಟ್ಟಿಲ್ಲ, ವಯಸ್ಸಿಗೆ ತಕ್ಕ ಹಾಗೆ ಎಲ್ಲ ನಾರ್ಮಲ್. ವಾಟ್ಸ್ಆ್ಯಪ್ ಆಗಷ್ಟೇ ಎಲ್ಲರ ಫೋನಿಗೆ ಬಂದಿದ್ದ ಕಾಲ. ಅವನು ರಿಪೋರ್ಟಿನ ಫೋಟೋ ತೆಗೆದು ಕುಟುಂಬದ ಗ್ರೂಪಿಗೆ ಹಾಕಿ 'ದೇವರ ದಯೆ' ಎಂದು ಬರೆದ. ಅದರ ಕೆಳಗೆ ಅತ್ತಿಗೆ, 'ಹಾಗಾದರೆ ಇನ್ನು ಎರಡು ತಲೆ ಕಾಣಲಿಕ್ಕಿಲ್ಲ. ನಾಟಕ ಮುಗಿಯಿತು' ಎಂದು ಬರೆದು ಪಕ್ಕದಲ್ಲೊಂದು ನಗುವ ಮುಖ ಅಂಟಿಸಿದಳು. ಠಾಣೆಯಿಂದ ಉಡುಪಿಯವರೆಗಿನ ನೆಂಟರು ಒಬ್ಬೊಬ್ಬರಾಗಿ ಕೈಮುಗಿದ ಚಿತ್ರ ಕಳಿಸಿದರು. ಮರುದಿನವೇ ಅಮ್ಮನನ್ನು ತಂದು ನಮ್ಮ ಮನೆಗೆ ಬಿಟ್ಟರು.

ಮುಂದಿನ ತಿಂಗಳು ಒಂದು ಅರಿಶಿನ ಕುಂಕುಮಕ್ಕೆ ಹೋಗಿದ್ದೆವು. ಚಿಕ್ಕಪ್ಪನ ಸೊಸೆ ಎಲ್ಲರೆದುರು, "ದೊಡ್ಡಮ್ಮಾ, ಈಗ ನಾನು ಒಬ್ಳಾ, ಇಬ್ರಾ?" ಎಂದು ಕೇಳಿದಳು. ಕೋಣೆಯೆಲ್ಲ ನಕ್ಕಿತು, ಅಮ್ಮನೂ ನಕ್ಕಳು. ಹಿಂದಿರುಗುವಾಗ ರಿಕ್ಷಾದಲ್ಲಿ ನನ್ನ ಕೈ ಹಿಡಿದು, "ನಾನು ಸುಳ್ಳು ಹೇಳ್ತೇನೆ ಅಂತ ನಿನಗೂ ಕಾಣ್ತದಾ?" ಎಂದಳು. ಅಂದೇ ನಾನು ಹಲ್ಲು ಕಚ್ಚಿ ನಿಶ್ಚಯಿಸಿದೆ. ಅಮ್ಮನ ಮಾತು ನಿಜವೆಂದು ಅವಳು ಬದುಕಿರುವಾಗಲೇ ಅವರೆಲ್ಲರ ಮುಖಕ್ಕೆ ಹಿಡಿದು ತೋರಿಸಬೇಕು. ಕಣ್ಣು ಗುಣವಾಗುವುದು ಆಮೇಲಿನ ಮಾತು. ಹೀಗೆ ಬರೆಯಲು ನಾಚಿಕೆಯಾಗಬೇಕಿತ್ತು, ಆಗುವುದಿಲ್ಲ.

ಕನ್ನಡಕದ ಅಂಗಡಿಯವನು ನಂಬರ್ ಬದಲಿಸಿದ, ಪ್ರಯೋಜನವಾಗಲಿಲ್ಲ. ಹಿಂದೆ ಅಮ್ಮನ ಕಣ್ಣಿನ ಪೊರೆ ತೆಗೆದಿದ್ದ ಡಾಕ್ಟರು ತಮ್ಮ ಆಪರೇಷನ್ ಸರಿಯಾಗಿದೆ ಎಂದರು. ಯಾರೋ ಹೇಳಿದ್ದಕ್ಕೆ ಠಾಣೆಯಲ್ಲಿ ಮೆಳ್ಳಗಣ್ಣಿನ ಚಿಕಿತ್ಸೆ ಮಾಡುವ ಒಬ್ಬ ಮರಾಠಿ ಡಾಕ್ಟರಮ್ಮನ ಬಳಿ ಹೋದೆವು. ಆಕೆ ಮೊದಲು ನಮ್ಮ ಫೈಲು ತೆರೆಯಲೇ ಇಲ್ಲ. ಅಮ್ಮ ಕುರ್ಚಿಯಲ್ಲಿ ಕೂತ ರೀತಿಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಂದು ಕಣ್ಣು ಮುಚ್ಚಿಸಿ ಪೆನ್ನು ತೋರಿಸಿದರು. ಒಂದೇ ಪೆನ್ನು ಕಂಡಿತು. ಇನ್ನೊಂದು ಕಣ್ಣು ಮುಚ್ಚಿಸಿದರೂ ಒಂದೇ. ತಲೆ ನೆಟ್ಟಗಿರಿಸಿ ಎರಡೂ ಕಣ್ಣು ತೆರೆದಾಗ ಎರಡು.

"ಆಜೀ ಖೋಟ ಬೋಲತ ನಾಹೀತ," ಎಂದರು ನನ್ನ ಕಡೆ ತಿರುಗಿ. ಅಜ್ಜಿ ಸುಳ್ಳು ಹೇಳುತ್ತಿಲ್ಲ. ಮರಾಠಿ ಚೆನ್ನಾಗಿ ಬರುವ ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಆಮೇಲೆ ಫೈಲು ತೆರೆದು, ಮೊದಲ ಸ್ಕ್ಯಾನಿಗೆ ಮೆದುಳನ್ನು ನೋಡಿ ಎಂದು ಬರೆದುಕೊಟ್ಟಿದ್ದರು, ಸ್ಕ್ಯಾನ್ ಮಾಡಿದವರು ಮೆದುಳನ್ನು ನೋಡಿದರು, ಕಣ್ಣಿನ ಸ್ನಾಯುಗಳನ್ನು ನೋಡಿ ಎಂದು ಯಾರೂ ಕೇಳಿರಲಿಲ್ಲ ಎಂದು ಆಕೆ ವಿವರಿಸಿದರು. ಕಣ್ಣಿನ ಗೂಡುಗಳದ್ದೇ ಬೇರೆ ಎಂಆರ್‌ಐ ಬರೆದುಕೊಟ್ಟರು. ಅಮ್ಮ ಆ ಮೆಷಿನ್ನಿನೊಳಗೆ ಒಂದೇ ಕಡೆ ದೃಷ್ಟಿ ನೆಟ್ಟು ಅಲುಗದೆ ಮಲಗಬೇಕಿತ್ತು. ಹೊರಗೆ ಬಂದವಳು, "ನಮ್ಮ ಎಂಐಡಿಸಿಯ ಫ್ಯಾಕ್ಟರಿಯೊಳಗೆ ಮಲಗಿಸಿದ ಹಾಗಾಯ್ತು ಮಾರಾಯ್ತಿ," ಎಂದಳು.

ಡಾಕ್ಟರಮ್ಮ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಬೆರಳಿಟ್ಟು ತೋರಿಸಿದರು. ಪ್ರತಿ ಕಣ್ಣಿನ ಸುತ್ತ ಸ್ನಾಯುಗಳಿವೆ. ಮೇಲಿನದನ್ನೂ ಹೊರಬದಿಯದನ್ನೂ ಒಂದು ತೆಳ್ಳಗಿನ ಪಟ್ಟಿ ಹಿಡಿದುಕೊಂಡಿರುತ್ತದೆ. ವಯಸ್ಸಾದಂತೆ ಕೆಲವರಲ್ಲಿ ಅದು ಹಳೆಯ ಲಂಗದ ಇಲಾಸ್ಟಿಕ್ಕಿನ ಹಾಗೆ ಸಡಿಲವಾಗಿ, ಹೊರಬದಿಯ ಸ್ನಾಯು ಕೆಳಗೆ ಜಾರುತ್ತದೆ. ಅಮ್ಮನ ಒಂದು ಕಣ್ಣಿನಲ್ಲಿ ಹೆಚ್ಚು ಜಾರಿತ್ತು, ಇನ್ನೊಂದರಲ್ಲಿ ಕಡಿಮೆ. ಹಾಗಾಗಿ ಕಣ್ಣುಗಳು ಒಂದೇ ಮಟ್ಟದಲ್ಲಿರಲಿಲ್ಲ. ತಲೆಯನ್ನು ಒಂದು ಬದಿಗೆ ವಾಲಿಸಿದರೆ ಎರಡು ಚಿತ್ರ ಸೇರಿ ಒಂದಾಗುತ್ತಿತ್ತು. ಮಗುವನ್ನು ಮೀಯಿಸಲು ಬಗ್ಗಿದಾಗ ಹಾಗೆ ವಾಲಿಸಲು ಆಗದೆ ಬೇರೆಯಾಗುತ್ತಿತ್ತು. ಎರಡು ಚಿತ್ರವನ್ನು ಒಂದಾಗಿಸುವ ಪ್ರಿಸಮ್ ಗಾಜಿನ ಕನ್ನಡಕ ಸಾಕಾಗಬಹುದು ಎಂದರು.

ತಲೆ ವಾಲುವುದು ಯಾವಾಗ ಶುರುವಾಯಿತೆಂದು ತಿಳಿಯಲು ಹಳೆಯ ಫೋಟೋ ತರಲು ಹೇಳಿದರು. ನಾನು ಮನೆಯಲ್ಲಿದ್ದ ಎಲ್ಲವನ್ನೂ ಚೀಲಕ್ಕೆ ತುಂಬಿ ತಂದೆ. ಆಕೆ ವರ್ಷದ ಪ್ರಕಾರ ಮೇಜಿನ ಮೇಲೆ ಜೋಡಿಸಿದರು. ಮೊದಲಿನವುಗಳಲ್ಲಿ ಅಮ್ಮ ನೆಟ್ಟಗೆ ಕೂತಿದ್ದಾಳೆ. ಆಮೇಲಿನ ಒಂದು ದೀಪಾವಳಿಯಿಂದ ತಲೆ ಬಲಕ್ಕೆ ವಾಲುತ್ತದೆ, ವರ್ಷದಿಂದ ವರ್ಷಕ್ಕೆ ಇನ್ನೂ ಸ್ವಲ್ಪ. ಮಗು ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲಿನಿಂದಲೇ! ನನಗೆ ಕುಣಿಯುವಷ್ಟು ಖುಷಿಯಾಯಿತು. ಇನ್ನು ನಾಟಕ ಎನ್ನಲು ಅತ್ತಿಗೆಗೆ ಬಾಯಿಯಿರುವುದಿಲ್ಲ. ಸ್ಟುಡಿಯೋಗೆ ಹೋಗಿ ಆ ಫೋಟೋಗಳನ್ನು ದೊಡ್ಡದು ಮಾಡಿಸಿದೆ.

ಮಗುವಿನ ಅನ್ನಪ್ರಾಶನ ಖಾರಘರದಲ್ಲಿ, ಅಣ್ಣನ ಹೌಸಿಂಗ್ ಸೊಸೈಟಿಯ ಸಭಾಂಗಣದಲ್ಲಿ ನಡೆಯಿತು. ಅಮ್ಮ ಹೊಸ ಕನ್ನಡಕ ಹಾಕಿ ಬಂದಳು, ನಾನು ಫಿಲ್ಮಿನ ದೊಡ್ಡ ಲಕೋಟೆ ಹಿಡಿದು ಬಂದೆ. ಊಟ ಮುಗಿದು ಎಲ್ಲರೂ ಕುರ್ಚಿಗಳಲ್ಲಿ ಒರಗಿದಾಗ ಫಿಲ್ಮನ್ನು ಕಿಟಕಿಯ ಗಾಜಿಗೆ ಟೇಪ್ ಹಾಕಿ ಅಂಟಿಸಿದೆ. ಹೊರಗೆ ಗುಡ್ಡದ ಮೇಲೆ ಒಳ್ಳೆ ಬಿಸಿಲಿತ್ತು. ಜಾರಿದ ಸ್ನಾಯುವಿನ ಮೇಲೆ ಬೆರಳಿಟ್ಟು ಎಲ್ಲರಿಗೂ ಪಾಠ ಮಾಡಿದೆ. ಅಣ್ಣ ಹತ್ತಿರ ಬಂದು ತುಂಬ ಹೊತ್ತು ನೋಡಿ, ಅಮ್ಮನ ಪಕ್ಕ ಹೋಗಿ ಕೂತ. ಚಿಕ್ಕಪ್ಪನ ಸೊಸೆ ಬಾಳೆಹಣ್ಣಿನ ಸಿಪ್ಪೆ ನೋಡುತ್ತಿದ್ದಳು.

"ಅತ್ತಿಗೆ, ಈ ರಿಪೋರ್ಟನ್ನು ಗ್ರೂಪಿಗೆ ನೀವು ಹಾಕ್ತೀರಾ, ನಾನೇ ಹಾಕ್ಬೇಕಾ?" ಎಂದು ಕೇಳಿದೆ.

ಅವಳ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿ ನನಗಾದ ಸುಖ ಅಷ್ಟಿಷ್ಟಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸದೆ ಫೋಟೋಗಳನ್ನೂ ಒಂದೊಂದಾಗಿ ಅವಳ ಮುಂದೆ ಹರಡಿದೆ.

ಅತ್ತಿಗೆ ಕೈ ಒರೆಸಿಕೊಂಡು ಒಂದನ್ನು ಎತ್ತಿಕೊಂಡಳು. ಅಮ್ಮ ಮತ್ತು ನನ್ನ ಮಗಳು ಒಟ್ಟಿಗೆ ಕೂತ ಫೋಟೋ. ಅಮ್ಮನ ತಲೆ ತನ್ನದೇ ಹೆಗಲಿಗೆ ತಾಗುವಷ್ಟು ವಾಲಿದೆ.

"ಇದು ನಿನ್ನ ಮನೆ ಸೋಫಾ ಅಲ್ವಾ?"

"ಹೌದು."

"ಫೋಟೋ ತೆಗೆದದ್ದು ಯಾರು?"

"ನಾನೇ."

"ನಾಲ್ಕು ವರ್ಷ ದಿನಾ ನಿನ್ನ ಎದುರು ಹೀಗೆ ಕೂತಿದ್ರಲ್ಲ, ನೀನು ಎಂತ ನೋಡಿದ್ದು? ನಾನು ನಂಬ್ಲಿಲ್ಲ, ತಪ್ಪು, ಒಪ್ಪಿಕೊಳ್ತೇನೆ. ಆದ್ರೆ ನನ್ನ ಮನೆಯಲ್ಲಿ ಒಂಬತ್ತನೇ ದಿನಕ್ಕೆ ಬಾಯಿಬಿಟ್ಟು ಹೇಳಿದ್ರು. ನಿನಗೆ ಯಾಕೆ ಹೇಳ್ಲಿಲ್ಲ?"

ಅಮ್ಮನೇ ನನ್ನ ಪರವಾಗಿ ಬಾಯಿ ಹಾಕಿದಳು. "ಅವಳಿಗೆ ತುರ್ಭೆಯ ಆಫೀಸು, ಲೋಕಲ್ ಟ್ರೈನು, ಬಂದ ಮೇಲೆ ಅಡುಗೆ. ಪುರುಸೊತ್ತೆಲ್ಲಿ? ಪಾಪ, ಎರಡು ಸಲ ಹೇಳ್ಲಿಕ್ಕೆ ಹೋಗಿದ್ದೆ. ಆಮೇಲೆ ಹೇಳು ಅಂದ್ಲು."

ಅತ್ತಿಗೆ ಮಗುವನ್ನು ತಂದು ಅಮ್ಮನ ಮಡಿಲಲ್ಲಿ ಮಲಗಿಸಿದಳು. ನಾನು ಕಿಟಕಿಯಿಂದ ಟೇಪು ಕೀಳುತ್ತಾ ನಿಂತೆ. ನಾಟಕ ಎಂದದ್ದನ್ನು ಎಂದೋ ಒಂದು ದಿನ ಕ್ಷಮಿಸಿಬಿಡುತ್ತೇನೋ ಏನೋ. ಆ ಪ್ರಶ್ನೆ ಕೇಳಿದ್ದನ್ನು ಮಾತ್ರ ಕ್ಷಮಿಸುವುದಿಲ್ಲ.