ಪಟ್ಟಿಯಲ್ಲಿದ್ದ ಮಾಗಳ

ಹಗರಿಬೊಮ್ಮನಹಳ್ಳಿಯಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮೇಲೆ ನಮ್ಮ ಆಫೀಸು. ಬೇರೆಯವರು ಮಾಡಿದ ಪ್ರೋಗ್ರಾಮುಗಳು ಏನು ಮಾಡುತ್ತವೆ, ಏನು ಮಾಡುವುದಿಲ್ಲ ಎಂದು ವಿವರಣೆ ಬರೆಯುವುದು ನನ್ನ ಕೆಲಸ. ಆ ತಿಂಗಳು ನನ್ನ ಪಾಲಿಗೆ ಬಂದದ್ದು ಒಂದು ಸಣ್ಣ ಟೂಲ್. ನಮ್ಮ ಸರ್ವರ್‌ಗಳೆಲ್ಲ ಸೇರಿ ಒಂದು ಕ್ಲಸ್ಟರ್. ಅದರೊಳಗೆ ಒಬ್ಬೊಬ್ಬರ ಕೆಲಸಕ್ಕೆ ಒಂದೊಂದು ಪ್ರತ್ಯೇಕ ಜಾಗ. ಅದನ್ನು ನೇಮ್‌ಸ್ಪೇಸ್ ಎನ್ನುತ್ತಾರೆ. ತಾನಾಗಿಯೇ ಕೆಲಸ ಮಾಡುವ ಎಐ ಏಜೆಂಟ್ ಕೇಳಿದಾಗ ಆ ಜಾಗಗಳ ಪಟ್ಟಿ ಕೊಡುವುದಷ್ಟೇ ಈ ಟೂಲ್‌ನ ಕೆಲಸ. ಹೆಸರು, ಸ್ಥಿತಿ, ಜಾಗ ಮಾಡಿ ಎಷ್ಟು ದಿನವಾಯಿತು ಎಂಬುದು. ಬೇರೇನೂ ಹೇಳುವುದಿಲ್ಲ.

ಸೊಸೆಯಾಗಿ ಬಂದವಳನ್ನು ತವರೂರಿನ ಹೆಸರು ಹಿಡಿದು ಕರೆಯುವುದು ನಮ್ಮ ಕಡೆಯ ರೂಢಿ. ಅದು ಆಫೀಸಿಗೂ ಅಂಟಿಕೊಂಡು, ಆ ಜಾಗಗಳಿಗೂ ನಮ್ಮ ಊರುಗಳ ಹೆಸರೇ ಬಂದಿತ್ತು. ನನ್ನದು ಕೊಟ್ಟೂರು. ಎದುರು ಕೂರುವವನದು ನಮ್ಮ ಕಡೆಯದೇ ಅರಸೀಕೆರೆ. ಕಿಟಕಿಯ ಪಕ್ಕದವಳದು ಮಾಗಳ. ಹಡಗಲಿಯಲ್ಲಿ ಬಸ್ಸು ಬದಲಿಸಿ ದಿನವೂ ಬರುತ್ತಿದ್ದಳು.

ರೈತರು ಫೋನ್ ಮಾಡಿದರೆ ಮಾರುಕಟ್ಟೆಯ ದರ ಹೇಳುವ ವ್ಯವಸ್ಥೆಯೊಂದನ್ನು ಅವಳು ಕಟ್ಟುತ್ತಿದ್ದಳು. ಪರೀಕ್ಷೆಗೆಂದು ತನ್ನ ಧ್ವನಿಯನ್ನೇ ಹಾಕಿದ್ದಳು.

"ನಮಸ್ಕಾರ್ರಿ, ಯಾವ ಊರಿಂದ ಮಾತಾಡಾಕತ್ತೀರಿ?" ಎಂದು ಅವಳು ಮೈಕಿಗೆ ಹೇಳುವಾಗ ಅರಸೀಕೆರೆಯವನು ನಡುವೆ ಬಾಯಿ ಹಾಕುತ್ತಿದ್ದ. "ಅರಸೀಕೆರಿಯಿಂದ್ರಿ ಅಕ್ಕಾರ, ಮೆಣಸಿನಕಾಯಿ ರೇಟ್ ಎಷ್ಟೈತ್ರಿ?"

"ಹೊಲದಾಗಿಂದೋ, ಬಾಣಲ್ಯಾಗಿಂದೋ? ಸುಮ್ನಿರಲೇ, ಮತ್ತ ಮೊದ್ಲಿಂದ ಹೇಳಬೇಕು ನಾನು."

ಅವಳ ನಗುವೂ ರೆಕಾರ್ಡ್ ಆಗಿತ್ತು. ಅದನ್ನು ತೆಗೆದಿರಲಿಲ್ಲ.

ಜ್ವರ ಎಂದು ರಜೆ ಹಾಕಿದವಳು ಮತ್ತೆ ಬರಲಿಲ್ಲ. ದಾವಣಗೆರೆಗೆ ಕರೆದೊಯ್ದಿದ್ದರು. ಅಲ್ಲಿಂದ ಊರಿಗೆ ಬಂದದ್ದು ದೇಹ.

ಮಣ್ಣಾದ ಮೇಲೆ ಅರಸೀಕೆರೆಯವನೂ ನಾನೂ ಮಾಗಳಕ್ಕೆ ಹೋದೆವು. ಅವಳ ಫೋನು ಗೋಡೆಯ ಗೂಡಿನಲ್ಲಿತ್ತು. ನಾವು ಕೂತಿದ್ದಾಗಲೇ ಅದು ಜೋರಾಗಿ ಬಡಿದುಕೊಂಡಿತು. ಅವಳ ವ್ಯವಸ್ಥೆ ಎಲ್ಲಾದರೂ ತಡವರಿಸಿದರೆ ಅವಳ ನಂಬರಿಗೆ ಎಚ್ಚರಿಕೆ ಹೋಗುವಂತೆ ಇತ್ತು. ಅವಳ ತಾಯಿ ಬೆಚ್ಚಿ ಎದ್ದು, ಫೋನಿನ ತನಕ ಹೋಗಿ, ಮುಟ್ಟದೆ ವಾಪಸು ಬಂದು ಕೂತರು.

"ಹಿಂಗ ಆಗಾಗ ಬಡ್ಕೊಳ್ತೈತಿ ನೋಡ್ರಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಆಕಿ ಮಾತಾಡಿದ್ದು ನಿಮ್ಮತ್ರ ಏನರ ಐತೇನವಾ? ಇದರಾಗ ಫೋಟೋ ಅದಾವಂತ. ದನಿ ಇಲ್ಲ."

"ಐತವ್ವ. ತಂದು ಕೊಡ್ತೀನಿ," ಎಂದೆ.

ಆ ರೆಕಾರ್ಡಿಂಗ್ ಇದ್ದದ್ದು ಕ್ಲಸ್ಟರಿನ ಅವಳ ಜಾಗದಲ್ಲಿ; ಅದರೊಳಗೆ ಹೋಗಲು ಮೇಲಿನವರ ಒಪ್ಪಿಗೆ ಬೇಕಿತ್ತು. ಕೇಳಿಕೊಂಡು ಕಾದೆವು. ಈ ನಡುವೆ ನಾನು ವಿವರಣೆ ಬರೆಯಲು ಕೂತೆ. ಮಾದರಿಗೆಂದು ಟೂಲ್ ನಡೆಸಿದಾಗ ಪಟ್ಟಿ ಬಂತು. ಮಾಗಳ, ಸಕ್ರಿಯ. ಆ ಸಾಲನ್ನು ಬಹಳ ಹೊತ್ತು ನೋಡಿದೆ. ಅದರ ಕೆಳಗೆ ಬರೆದೆ: 'ಸಕ್ರಿಯ ಎಂದರೆ ಆ ಜಾಗ ಇದೆ ಎಂದಷ್ಟೇ ಅರ್ಥ. ಒಳಗೆ ಯಾರಾದರೂ ಕೆಲಸ ಮಾಡುತ್ತಿದ್ದಾರೆ ಎಂದಲ್ಲ.'

ಒಪ್ಪಿಗೆ ಬಂದ ದಿನ ಟೂಲನ್ನು ಮತ್ತೆ ನಡೆಸಿದೆ. ಕೊಟ್ಟೂರು ಇತ್ತು, ಅರಸೀಕೆರೆ ಇತ್ತು. ಮಾಗಳ ಇರಲಿಲ್ಲ. ಇನ್ನೊಮ್ಮೆ ನಡೆಸಿದೆ. ಇರಲಿಲ್ಲ.

ಅರಸೀಕೆರೆಯವನು ನನ್ನ ಪರದೆಯ ಮುಂದೆ ಬಂದು ನಿಂತ. "ಅವತ್ತು ಅಲ್ಲಿಂದ ಬಂದವನೇ ಆಕಿ ನಂಬರ್ ತೆಗೆದೆ ಅಕ್ಕ. ಆ ಅವ್ವ ಬೆಚ್ಚಿ ಬೀಳೋದು ನೋಡಾಕಾಗ್ಲಿಲ್ಲ."

ನಂಬರ್ ಇದ್ದದ್ದು, ಜಾಗ ಯಾರದೆಂದು ತಿಳಿಯಲು ಅದರ ಹೊರಗೆ ಅಂಟಿಸುವ ಒಡೆಯರ ಹೆಸರಿನ ಚೀಟಿಯಲ್ಲಿ. ಅವನು ಚೀಟಿಯನ್ನೇ ತೆಗೆದಿದ್ದ. ಕ್ಲಸ್ಟರ್ ಸ್ವಚ್ಛ ಮಾಡುವ ಏಜೆಂಟ್ ಪಟ್ಟಿ ತರಿಸಿ, ಒಂದೊಂದರ ಒಡೆಯರನ್ನೂ ಹುಡುಕಿ, ಇದಕ್ಕೆ ಯಾರೂ ಇಲ್ಲವೆಂದು ಅಳಿಸಿತ್ತು. ಜಾಗ ಹೋದರೆ ಒಳಗಿನದೆಲ್ಲ ಹೋಗುತ್ತದೆ. ಪರೀಕ್ಷೆಯ ಕೆಲಸವಾದ್ದರಿಂದ ಬೇರೆ ಪ್ರತಿ ಇರಲಿಲ್ಲ. ಅವನು ನಿಂತಲ್ಲೇ ಅತ್ತ.

ವಿವರಣೆಯನ್ನು ಮುಗಿಸಲೇಬೇಕಿತ್ತು. ಏಜೆಂಟ್ ಓದುವ ಭಾಗದಲ್ಲಿ ಸೇರಿಸಿದೆ: 'ಒಂದು ಜಾಗ ಯಾರಿಗೆ ಬೇಕಾಗಿದೆ ಎಂಬುದು ಈ ಪಟ್ಟಿಯಿಂದ ತಿಳಿಯುವುದಿಲ್ಲ. ಒಡೆಯರ ಹೆಸರು ಇಲ್ಲದಿದ್ದರೆ ಅಳಿಸಬೇಡ. ಮನುಷ್ಯರನ್ನು ಕೇಳು.' ಮಾದರಿ ಪಟ್ಟಿಯಿಂದ ಮಾಗಳದ ಸಾಲನ್ನು ತೆಗೆಯಲಿಲ್ಲ.

ಇಬ್ಬರೂ ಮತ್ತೆ ಮಾಗಳಕ್ಕೆ ಹೋದೆವು. ಏನಾಯಿತೆಂದು ನಾನೇ ಹೇಳಿದೆ. ಅವಳ ತಾಯಿ ಗೂಡಿನ ಕಡೆ ನೋಡಿದರು.

"ಹೋಗ್ಲಿ ಬಿಡವಾ. ಆ ಫೋನರ ಮತ್ತ ಬಡ್ಕೊಳ್ಳಂಗ ಮಾಡ್ರಿ. ನೀವು ಬಂದು ಹೋದಾಗಿಂದ ಅದೂ ನಿಂತೈತಿ. ಬಡ್ಕೊಂಡಾಗ, ಆಕಿಗೆ ಏನೋ ಕೆಲ್ಸ ಬಂದೈತಿ ಅನ್ನಿಸ್ತಿತ್ತು."

ಅರಸೀಕೆರೆಯವನು ತಲೆ ಎತ್ತಲಿಲ್ಲ. ಆ ಕರೆ ಬರುತ್ತಿದ್ದದ್ದೂ ಅದೇ ಜಾಗದಿಂದ, ಇನ್ನು ಬರುವುದಿಲ್ಲ ಎಂದು ನಾನು ಹೇಳಿದೆ.

"ಹೂಂ," ಎಂದರು ಅವರು. ಎದ್ದು ಹೋಗಿ, ಗೂಡಿನಲ್ಲಿದ್ದ ಫೋನನ್ನು ತೆಗೆದು ಚಾರ್ಜಿಗೆ ಹಾಕಿದರು.