ಎಣ್ಣೆಯ ಪೈಪು ಕಚ್ಚಿದ ದಿನ

ಮಾದಯ್ಯ, ಅಂದು ನೀವು ಕುಡಿದಿರಲಿಲ್ಲ. ತಂತಿ ಕಟ್ಟುವುದನ್ನು ನಾನು ಮರೆತಿದ್ದೆ. ಇಷ್ಟು ಹೇಳಲು ನನಗೆ ಇಪ್ಪತ್ತು ವರ್ಷ ಬೇಕಾಯಿತು — ಥೂ, ನನ್ನ ಜನ್ಮಕ್ಕಿಷ್ಟು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಬೆಟ್ಟದ ಮೇಲಿನ ನಮ್ಮ ಸಬ್‌ಸ್ಟೇಷನ್ನಿನಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರಿನ ಎಣ್ಣೆ ಸೋಸುವ ಕೆಲಸ. ನಾನು ಆಪರೇಟರ್, ದೊಡ್ಡಗಾಜನೂರಿನ ಜಮೀನುದಾರರ ಮನೆಯವನು. ನೀವು ಪಣಕಹಳ್ಳಿಯಿಂದ ಅಲ್ಲಿಗೆ ಹುಲ್ಲು ಕೀಳಲು ಬರುತ್ತಿದ್ದ ಕೂಲಿಯವರು, ನನಗಿಂತ ಹತ್ತು ವರ್ಷ ಹಿರಿಯರು. ಕರೆಂಟು ನಿಲ್ಲಿಸಿಯಾಗಿತ್ತು. ಆದರೆ ಎಣ್ಣೆ ಪೈಪಿನೊಳಗೆ ರಭಸದಿಂದ ಹರಿದರೆ ಆ ಉಜ್ಜಾಟಕ್ಕೇ ವಿದ್ಯುತ್ತು ಹುಟ್ಟುತ್ತದೆ — ದಿಂಬಂ ಘಾಟಿಯ ಚಳಿಯಲ್ಲಿ ಕಂಬಳಿ ಎಳೆದರೆ ಚಟಚಟ ಎನ್ನುವ ಹಾಗೆ. ಅದನ್ನು ನೆಲಕ್ಕಿಳಿಸಲು ಪೈಪಿಗೊಂದು ತಂತಿ ಕಟ್ಟಬೇಕು. ನನಗೆ ಗೊತ್ತಿತ್ತು. ಬೇಗ ಮುಗಿಸುವ ಆತುರದಲ್ಲಿ —

"ಸಾಮಿ, ಈ ಪೈಪು ಕಚ್ತದೆ," ಎಂದಿರಿ ನೀವು, ಹುಲ್ಲು ಕೀಳುವಾಗ ಅದಕ್ಕೆ ತಾಗಿದ ಕೈ ಉಜ್ಜಿಕೊಳ್ಳುತ್ತ.

"ಕರೆಂಟೇ ಇಲ್ಲ, ಅದೆಂಗ್ಲಾ ಕಚ್ತದೆ? ಬೆಳಿಗ್ಗೇನೇ ಕುಡ್ಕಂಡ್ ಬಂದಿದ್ದೀಯಾ?" ಎಂದು ಗದರಿದೆ ನಾನು.

ಪಕ್ಕದಲ್ಲಿದ್ದ ಎಂಜಿನಿಯರ್ ನಿಮ್ಮನ್ನು ಆಗಲೇ ಹೊರಗೆ ಕಳಿಸಿದರು. ಯಾರೂ ನಿಮ್ಮ ಬಾಯಿ ಮೂಸಿ ನೋಡಲಿಲ್ಲ. ಕೂಲಿಯವನು ಎಂದರೆ ಸಾಕಿತ್ತು.

ಹೊರಟವರು ಗೇಟಿನಿಂದ ತಿರುಗಿ ಬಂದಿರಿ. ಬೈಸಿಕೊಂಡ ಮೇಲೂ ಬಂದಿರಿ.

"ಏಣಿ ಮ್ಯಾಲ್ ನಿಂತು ಮುಟ್ಬುಟ್ಟೀರಿ ಸಾಮಿ. ಬಿದ್ದೋಯ್ತೀರಿ, ಉಸಾರು."

ನಕ್ಕೆ. ಆದರೂ ಏಣಿ ಏರುತ್ತಿದ್ದವನು ಇಳಿದು, ನೆಲದಲ್ಲಿ ನಿಂತೇ ಪೈಪಿಗೆ ಕೈ ತಾಗಿಸಿದೆ. ಕಿಡಿ ಹಾರಿತು. ಭುಜದವರೆಗೂ ಜಾಡಿಸಿ ಹಿಂದಕ್ಕೆ ಬಿದ್ದೆ. ಬಿದ್ದಲ್ಲೇ ಕಂಡಿತು — ಜಲ್ಲಿಯ ಮೇಲೆ ಸುಮ್ಮನೆ ಬಿದ್ದಿದ್ದ ಆ ತಂತಿ. ಎಂಜಿನಿಯರ್ ಟೀ ಕುಡಿಯಲು ಹೋಗಿದ್ದರು. ಮೆಷಿನ್ ನಿಲ್ಲಿಸಿದೆ, ತಂತಿ ಕಟ್ಟಿದೆ, ಬಾಯಿ ಮುಚ್ಚಿಕೊಂಡೆ.

ನಿಮ್ಮನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ತಿಳಿಯಿತು. ಮಾದಪ್ಪನಿಗೆ ಹರಕೆ ಹೊತ್ತು ಒಂದು ತೊಟ್ಟೂ ಮುಟ್ಟದೆ ಬಾಳಿದವರು ನೀವು. ಹರಕೆ ಹೊತ್ತು ಕುಡಿದನಂತೆ ಎಂದು ನಿಮ್ಮ ಬೀದಿಯೇ ಆಡಿಕೊಂಡಿತು. ಮಾದಪ್ಪನ ಬೆಟ್ಟಕ್ಕೆ ಹರಕೆಯವರ ಜೊತೆ ನಡೆದು ಹೋಗುವಾಗ ಮುಂದೆ ಇರುತ್ತಿದ್ದವರನ್ನು ಹಿಂದಕ್ಕೆ ಹಾಕಿದರು. ಕೇಳಿಯೂ ನಾನು ಸುಮ್ಮನಿದ್ದೆ — ನನ್ನ ಕೆಲಸ, ನನ್ನ ಮರ್ಯಾದೆ...

ಮೊನ್ನೆ ಬಸ್ಸಿನಲ್ಲಿ ಸರಿದು ಕೂತು, "ಕೂತ್ಕಳಿ ಸಾಮಿ" ಎಂದಿರಿ. ಎರಡು ಊರು ದಾಟುವವರೆಗೂ ಪಕ್ಕದಲ್ಲೇ ಇದ್ದೆ. ಹೇಳಬೇಕಾದ್ದನ್ನು ಹೇಳದೆ ಇಳಿದುಹೋದೆ.

ಈ ಕೈಯಲ್ಲಿ ಮಕ್ಕಳನ್ನು ಎತ್ತಿ ಆಡಿಸಿದೆ, ಮಗಳನ್ನು ಧಾರೆ ಎರೆದುಕೊಟ್ಟೆ, ಇಂದೂ ಮುದ್ದೆ ಮುರಿದು ಉಣ್ಣುತ್ತಿದ್ದೇನೆ. ಎಲ್ಲವೂ ನೀವು ಗೇಟಿನಿಂದ ತಿರುಗಿ ಬಂದದ್ದರಿಂದ. ನಿಮ್ಮ ಋಣ ನನ್ನಿಂದ ತೀರದು ಮಾದಯ್ಯ.

ಸೋಮವಾರ ಪಣಕಹಳ್ಳಿಗೆ ಬರುತ್ತೇನೆ. ನಿಮ್ಮ ಮನೆಯೊಳಗೆ ಅಲ್ಲ, ಮೊದಲು ನಿಮ್ಮ ಬೀದಿಗೆ — ಎಲ್ಲರೂ ಜಗಲಿಯ ಮೇಲೆ ಕೂತಿರುವ ಹೊತ್ತಿಗೆ. ಈ ಕಾಗದದ ಮೊದಲ ಎರಡು ಸಾಲನ್ನು ಅಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ಆಮೇಲೆ ನೀವು ಒಳಗೆ ಕರೆದರೆ ಬರುತ್ತೇನೆ.