ಬಾಯ್ತುಂಬ ನೀರು

ಇವತ್ತು ಬೆಳಿಗ್ಗೆ ಸೊರಬದ ಕೆರೆ ಏರಿಯ ಮೇಲೆ ಹುಡುಗನೊಬ್ಬ ಬಾಟಲಿಯಿಂದ ನೀರು ಗುಟುಕರಿಸುತ್ತ ಓಡುತ್ತಿದ್ದ. ನೋಡುತ್ತಿದ್ದಂತೆ ನನ್ನ ಬಾಯಿಗೆ ಕೆಸರಿನ ರುಚಿ ಬಂತು.

ನಮ್ಮಜ್ಜ ಗರಡಿಯಲ್ಲಿ ಪಳಗಿದವನು. ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡಿದರೆ ದಮ್ಮು ಬೆಳೆಯುತ್ತದೆ ಎನ್ನುತ್ತಿದ್ದ. ನಾನು ಹುಡುಗನಾಗಿದ್ದಾಗ, ಶಿಕಾರಿಪುರದ ಓಟದ ಪಂದ್ಯಕ್ಕೆಂದು ನನಗೂ, ಕಲಾಯಿ ಹಾಕುವವರ ಮನೆಯ ಗೌಸನಿಗೂ ದಿನಾ ಬೆಳಿಗ್ಗೆ ಬಾಯ್ತುಂಬ ನೀರು ಕೊಟ್ಟು ಕೆರೆಯ ತೂಬಿನವರೆಗೆ ಓಡಿಸುತ್ತಿದ್ದ. ನುಂಗುವಂತಿಲ್ಲ. ವಾಪಸು ಬಂದು, ಬಟ್ಟೆ ಒಗೆಯುವ ಬಿಳಿ ಕಲ್ಲಿನ ಮೇಲೆ ಅವನೆದುರೇ ಉಗುಳಬೇಕು.

ನಾನು ಅರ್ಧ ದಾರಿಯಲ್ಲೇ ನುಂಗಿಬಿಡುತ್ತಿದ್ದೆ. ಗೌಸ್ ಒಂದು ಹನಿಯನ್ನೂ ನುಂಗುತ್ತಿರಲಿಲ್ಲ.

“ನೋಡಲೇ, ದಮ್ಮು ಅಂದ್ರೆ ಇದು!” ಎಂದು ನನ್ನ ಸ್ವಂತ ಅಜ್ಜ ಅವನ ಬೆನ್ನು ತಟ್ಟುವಾಗ ನನಗೆ ಹೊಟ್ಟೆಯೆಲ್ಲ ಉರಿಯುತ್ತಿತ್ತು. ಆ ಕೈ ನನ್ನ ಬೆನ್ನಿಗೆ ಬೀಳುತ್ತಿದ್ದದ್ದು ಗುದ್ದಲಿಕ್ಕೆ ಮಾತ್ರ.

ಒಂದು ದಿನ, ನುಂಗಿದ ಮೇಲೆ, ತೂಬಿನ ಹತ್ತಿರ ಕೆರೆಯ ನೀರನ್ನೇ ಬಾಯಿಗೆ ತುಂಬಿಕೊಂಡು ಬಂದೆ. ಗೌಸ್ ಆಗಲೇ ಬಂದು ಕೆನ್ನೆ ಉಬ್ಬಿಸಿಕೊಂಡು ನನಗಾಗಿ ಕಾಯುತ್ತಿದ್ದ.

“ಹ್ಞೂಂ, ಉಗುಳ್ರಲೇ” ಎಂದ ಅಜ್ಜ.

ನಾನು ಉಗುಳಿದೆ. ಬಿಳಿ ಕಲ್ಲಿನ ಮೇಲೆ ಕೆಂಪು ರಾಡಿ!

ಅಜ್ಜ ಬಗ್ಗಿ ನೋಡುವಷ್ಟರಲ್ಲಿ ಗೌಸ್ ತನ್ನ ಬಾಯಿಯ ನೀರನ್ನೆಲ್ಲ ಅದರ ಮೇಲೆ ಉಗುಳಿ ತೊಳೆದುಬಿಟ್ಟ. “ಇಬ್ರದ್ದೂ ಆತು ನೋಡಜ್ಜ” ಎಂದ. ಅಜ್ಜ ಮೊದಲ ಸಲ ನನ್ನ ಬೆನ್ನು ತಟ್ಟಿದ. ಅದೂ ಗೌಸನ ದಯೆ.

ಪಂದ್ಯವನ್ನೂ ಅವನೇ ಗೆದ್ದ. ಅದನ್ನು ನಾನು ಯಾವತ್ತೋ ಮರೆತೆ. ಆದರೆ ಆ ರಾಡಿಯ ವಿಷಯ ಅವನ ಬಾಯಿಂದ ಇವತ್ತಿನವರೆಗೂ ಹೊರಬಿದ್ದಿಲ್ಲ. ಅವನ ಜಾಗದಲ್ಲಿ ನಾನಿದ್ದಿದ್ದರೆ ಅವತ್ತೇ ಊರಿಗೆಲ್ಲ ಸಾರುತ್ತಿದ್ದೆ. ಆ ದಮ್ಮಿಗೆ ಈಗಲೂ ನನಗೆ ಹೊಟ್ಟೆಕಿಚ್ಚು.